ಬರಿಗಾಲಿನ ಡೊಳ್ಳು

"ಬರಿಗಾಲಲ್ಲಿ ಬಿಡೋದಿಲ್ವಂತೆ ಅಕ್ಕಾ. ದಮ್ಮಯ್ಯ, ಶೂ ಹಾಕ್ಕೊಂಡುಬಿಡಿ," ಎಂದು ಕನ್ನಡ ಸಂಘದ ಅಧ್ಯಕ್ಷ ಶಿವಶರಣಪ್ಪ ಗೋಗರೆದ.

ರೇಣುಕಾದೇವಿ ಕಿವಿಗೇ ಹಾಕಿಕೊಳ್ಳಲಿಲ್ಲ. ಅಮೆರಿಕದ ಷಾರ್ಲಟ್‌ನ ಡೌನ್‌ಟೌನಿನಲ್ಲಿ, ಡಿಸೆಂಬರಿನ ಚಳಿಗೆ ಕೊರೆಯುವ ರಸ್ತೆಯ ಮೇಲೆ, ಡೊಳ್ಳು ಹೆಗಲಿಗೇರಿಸಿ ನಿಂತೇ ಇದ್ದರು. ಪ್ರತಿವರ್ಷ ಕಾಲೇಜು ಫುಟ್‌ಬಾಲ್ ಪಂದ್ಯದ ಹಿಂದಿನ ದಿನ ನಡೆಯುವ ಪೆರೇಡಿಗೆ ಈ ಸಲವಷ್ಟೇ ಕನ್ನಡದವರನ್ನು ಕರೆದಿದ್ದರು. ಅರವತ್ತೆಂಟರ ಈ ನಿವೃತ್ತ ಡಾಕ್ಟರು ಆರು ತಿಂಗಳು ತಮ್ಮ ಗ್ಯಾರೇಜಿನಲ್ಲಿ ಎಂಟು ಹುಡುಗಿಯರಿಗೆ ಡೊಳ್ಳು ಕಲಿಸಿದ್ದರು. ಇವತ್ತು ಅವರ ಮುಂದೆ ನಡೆಯಲೇಬೇಕೆಂದು ಮೊಣಕಾಲಿಗೆ ಇಂಜೆಕ್ಷನ್ ಬೇರೆ ಚುಚ್ಚಿಸಿಕೊಂಡು ಬಂದಿದ್ದರು.

"ಹೆಂಗಸರು ಡೊಳ್ಳು ಮುಟ್ಟಬಾರದು ಅನ್ನೋ ನೇಮ ಮುರಿದವರು ನೀವೇ. ದೇವರ ವಾದ್ಯ, ಚಪ್ಪಲಿ ಕೂಡದು ಅನ್ನೋದನ್ನ ಮಾತ್ರ ಯಾಕೆ ಹಿಡ್ಕೊಂಡಿದ್ದೀರಿ?" ಎಂದ ಶಿವಶರಣಪ್ಪ.

"ಅದು ಬೇರೆಯವರು ನನ್ನ ಮೇಲೆ ಹೇರಿದ್ದು ಶರಣಪ್ಪ. ಇದು ನಾನೇ ಒಪ್ಕೊಂಡಿದ್ದು. ಹುಡುಗೀರಿಗೂ ಹೇರಿಲ್ಲ, ನೋಡು, ಎಲ್ಲರ ಕಾಲಲ್ಲೂ ಶೂ ಇದೆ."

ಕಿತ್ತಳೆ ಅಂಗಿಯ ಸ್ವಯಂಸೇವಕಿ ಬಂದಳು. "ಕ್ಷಮಿಸಿ, ಶೂ ಇಲ್ಲದವರು ರಸ್ತೆಗಿಳಿಯುವಂತಿಲ್ಲ," ಎಂದಳು. ನಗುನಗುತ್ತಲೇ ಹೇಳಿದಳು, ಆದರೆ ಜಗ್ಗುವ ಪೈಕಿಯಲ್ಲ. ಹಿಂದೆ ಕಾಲೇಜು ಬ್ಯಾಂಡಿನವರು ಆಗಲೇ ತುದಿಗಾಲಲ್ಲಿದ್ದರು.

"ಆಂಟಿ, ನೀವಿಲ್ದೆ ನಾವು ಹೋಗಲ್ಲ. ದಿಸ್ ಈಸ್ ನಾಟ್ ಫೇರ್," ಎಂದಳು ಗುಂಪಿನ ದೊಡ್ಡ ಹುಡುಗಿ ನಮ್ರತಾ.

"ಆರು ತಿಂಗಳು ನನ್ನ ತಲೆ ತಿಂದಿದ್ದು ಇಲ್ಲಿ ಮುಖ ಊದಿಸ್ಕೊಂಡು ನಿಲ್ಲೋಕಾ? ಮುಂದಿನ ಜಾಗ ಇವತ್ತು ನಿಂದು. ನಡಿ."

ಹುಡುಗಿಯರು ಹೋದರು. ಮೊದಲ ಪೆಟ್ಟು ಬಿತ್ತು. ರೇಣುಕಾದೇವಿಯ ಕಣ್ಣು ತುಂಬಿತು, ಸಿಟ್ಟಿಗೂ ಹೌದು, ಸಂಕಟಕ್ಕೂ ಹೌದು. ಸಮಾಧಾನ ಹೇಳಲು ಶರಣಪ್ಪ ಬಾಯಿ ತೆರೆಯುವಷ್ಟರಲ್ಲಿ ಅವರು ರಸ್ತೆಯಂಚಿಗೆ ಕಟ್ಟಿದ್ದ ಹಗ್ಗದಡಿ ನುಸುಳಿ ಪಕ್ಕದ ಸೈಡ್‌ವಾಕ್ ಹತ್ತಿಯಾಗಿತ್ತು. ಜನರ ನಡುವೆಯೇ, ರಸ್ತೆಯಲ್ಲಿದ್ದ ಹುಡುಗಿಯರ ಸಮಕ್ಕೆ ಹೆಜ್ಜೆ ಹಾಕುತ್ತ, ಅದೇ ತಾಳ ಬಾರಿಸತೊಡಗಿದರು. ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದವರು ಕಾಲು ಹಿಂದೆಳೆದುಕೊಂಡು ದಾರಿ ಬಿಟ್ಟರು.

ಕಿತ್ತಳೆ ಅಂಗಿಯವಳು ಏದುಸಿರು ಬಿಡುತ್ತ ಓಡಿಬಂದಳು. "ಮೇಡಂ, ಸೈಡ್‌ವಾಕ್ ಇರೋದು ಪೆರೇಡ್ ನೋಡುವವರಿಗೆ."

"ನೋಡ್ತಾನೇ ಇದ್ದೀನಲ್ಲ," ಎಂದು ರೇಣುಕಾದೇವಿ ಮತ್ತೆ ಡೊಳ್ಳಿನ ಕೋಲು ಎತ್ತಿದರು.