ಕಂಪ್ಯೂಟರ್ ಹಡೆದ ತಾರೆ

ಖಾನಾಪುರದ ನಾಟಕ ತಂಬುವಿನಲ್ಲಿ ಬಿದ್ದ ಚಪ್ಪಾಳೆಗೆ ಸಾಂಬ್ರಾದಲ್ಲಿ ಇಳಿಯಬೇಕಿದ್ದ ವಿಮಾನವೇ ಬೆದರಿ ಮತ್ತೆ ಮೇಲಕ್ಕೆ ಹಾರಿತು. ರಂಗದ ನಡುವೆ ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡ ಕಾಂತಾ ರೆಪ್ಪೆ ಅಲುಗಿಸದೆ ನಿಂತಿದ್ದಳು. "ಮುಂಬೈದಾಗ ಕಂಪ್ಯೂಟರ್ ಹಡೆದ ಸಿನಿಮಾ ತಾರೆ" ಎಂದು ಸಾರಿ ಮಾಲೀಕ ಕಲ್ಲಯ್ಯ ಅವಳನ್ನು ಬೆಳಗಾವಿಯಲ್ಲಿ ನಲವತ್ತು ಆಟ ಕುಣಿಸಿದ್ದ. ಎಂಬತ್ತಾರನೆಯ ಇಸವಿಯಲ್ಲಿ ಕಂಪ್ಯೂಟರನ್ನು ಕಂಡವರೇ ಇರಲಿಲ್ಲ, ಸುಳ್ಳೆನ್ನುವವರು ಯಾರು? ಇಂದು ಮಾತ್ರ ಅವಳ ತಾಯಿಯೆದುರು "ಈಕಿನ ನಮ್ಮ ಕಾಂತಾ" ಎಂದು ಜನಕ್ಕೆ ಹೇಳುತ್ತೇನೆಂದು ಕಲ್ಲಯ್ಯ ಕೊರಳ ಲಿಂಗ ಮುಟ್ಟಿ ಕಾಂತಾಳಿಗೆ ಆಣೆಯಿಟ್ಟಿದ್ದ.

ಬೀಡಿ ಊರಿನಿಂದ ಬಂದಿದ್ದ ತಾಯಿ ಬಾಳವ್ವ ಮಾರುದ್ದದ ಸೇವಂತಿಗೆ ಹಾರ ಹಿಡಿದು ರಂಗವೇರಿದಳು. "ನನ್ನ ಮಗಳು ಎಲ್ಲಿದಾಳ್ರೀ ಅಯ್ಯನವರ? ಅಕಿಗೆ ಹಾಕಾಕ ತಂದೀನಿ."

ಕಲ್ಲಯ್ಯ ಕಿಕ್ಕಿರಿದ ತಂಬುವನ್ನೊಮ್ಮೆ ನೋಡಿದ. "ಅಕಿ ಒಳಗ ಸೀರಿ ಮಡಚಾಕತ್ತಾಳ ಯವ್ವಾ. ಈ ಮಷಿನ್ ತಯಾರ ಮಾಡಿದಾಂವ ನಾನ," ಎಂದವನೇ ಕತ್ತು ಬಗ್ಗಿಸಿ ಹಾರವನ್ನು ತಾನೇ ಹಾಕಿಸಿಕೊಂಡ.

ಬಾಳವ್ವ ಬೆಳ್ಳಿಮುಖವನ್ನು ಹತ್ತಿರದಿಂದ ದಿಟ್ಟಿಸಿದಳು. "ಎಷ್ಟ ಚಂದ ಕುಣಿತೈತ್ರೀ ಇದು! ನಮ್ಮಾಕಿಗೂ ಒಂದೀಟ ಕಲಿಸ್ರಲಾ."

ಕಾಂತಾಳ ಕಣ್ಣಲ್ಲಿ ಇಡೀ ಮಲಪ್ರಭೆಯೇ ಉಕ್ಕಿತು. ಬೆಳ್ಳಿಬಣ್ಣ ಸೀಳಿಕೊಂಡು ಎರಡು ಕಪ್ಪು ಗೆರೆಗಳು ಗದ್ದದವರೆಗೆ ಇಳಿದವು. ತಂಬುವಿಗೆ ತಂಬುವೇ ಕತ್ತು ಉದ್ದ ಮಾಡಿ ನೋಡಿತು.

"ನೋಡ್ರಪಾ, ಇದಕ್ಕ ಅಳೂದನ್ನೂ ಕಲಿಸೇನಿ!" ಎಂದು ಕಲ್ಲಯ್ಯ ಕೂಗಿದ.

"ಒನ್ಸ್ ಮೋರ್!" ಎಂದು ಖಾನಾಪುರಕ್ಕೆ ಖಾನಾಪುರವೇ ಎದ್ದು ನಿಂತಿತು. ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟುತ್ತಿದ್ದವಳು ಬಾಳವ್ವ.