ಅಕ್ಕನ ರಕ್ತ

"ಮೊದಲು ಅಕ್ಕನಿಗೆ ಚುಚ್ಚಿ. ಅವಳಿಗೇನೂ ಆಗದಿದ್ರೆ ಆಮೇಲೆ ನನಗೆ," ಎಂದ ತಮ್ಮ. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡಿದ್ದ. ಊಟವೂ ಅಷ್ಟೇ, ನೀರೂ ಅಷ್ಟೇ. ಅಕ್ಕ ರುಚಿ ನೋಡಿದ ಮೇಲೆಯೇ ಅವನ ಬಾಯಿಗೆ. ಎಲ್ಲದರಲ್ಲೂ ಸಂಚು ಕಾಣಿಸುವ ಸ್ಕಿಜೋಫ್ರೇನಿಯಾ ಕಾಯಿಲೆ ಅವನಿಗೆ ಅಂಟಿಕೊಂಡಂದಿನಿಂದ ಮನೆಯಲ್ಲಿ ಇದೇ ಪದ್ಧತಿ. ಹೊಲಿಗೆ ಅಂಗಡಿಗೆ ಬೀಗ ಜಡಿದು ಬಂದಿದ್ದ ಅಕ್ಕ, ಯಾವ ಜನ್ಮದ ಕರ್ಮವೋ ಎಂದು ಗೊಣಗುತ್ತ ತೋಳು ಚಾಚಿದಳು.

ರಕ್ತ ತೆಗೆಯುವವನಿಗೂ ತಲೆ ಕೆಟ್ಟಿತ್ತು. ಅವಳದೊಂದು ಕೊಳವೆ, ಇವನದೊಂದು ಕೊಳವೆ ತುಂಬಿಸಿದ. ಒಂದಕ್ಕೆ ತಮ್ಮನ ಹೆಸರಿನ ಚೀಟಿ ಅಂಟಿಸಿ, ಇನ್ನೊಂದನ್ನು ಅಕ್ಕನದೆಂದುಕೊಂಡು ಕಸದ ಡಬ್ಬಿಗೆ ಹಾಕಿದ.

"ಅಯ್ಯೋ, ನೀವು ಎಸೆದದ್ದು ಅವನದು! ಚೀಟಿ ಅಂಟಿಸಿರೋದು ನನ್ನದಕ್ಕೆ!"

"ನಮಗೇ ಕೆಲಸ ಕಲಿಸ್ತೀರಾ ಅಮ್ಮಾ? ಮುಂದಿನವರು ಬನ್ನಿ."

ಎಷ್ಟು ಕೂಗಾಡಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಮ್ಮೆ ಚುಚ್ಚಿಸೋಣವೆಂದರೆ ತಮ್ಮ ಆಗಲೇ ಬೀದಿಗೆ ಇಳಿದಿದ್ದ.

ವರದಿ ಬಂದ ದಿನ ಡಾಕ್ಟರಮ್ಮನ ಮುಖ ಸಪ್ಪಗಿತ್ತು. ಸೋಂಕಿನ ಜೊತೆ ಕಾದಾಡಬೇಕಾದ ಪ್ರತಿಕಾಯಗಳು ಕೆಲವರಲ್ಲಿ ಸ್ವಂತ ಮೆದುಳಿನ ಮೇಲೆಯೇ ತಿರುಗಿ ಬೀಳುತ್ತವೆ, ರಕ್ತದಲ್ಲಿ ಅವು ಕಂಡರೆ ಬೇರೆ ಚಿಕಿತ್ಸೆ ಕೊಟ್ಟು ನೋಡಬಹುದು ಎಂದು ಆಸೆ ಹುಟ್ಟಿಸಿದ್ದವರು ಅವರೇ. ಯಾವ ಮಾತ್ರೆಗೂ ಬಗ್ಗದ ತಮ್ಮನಿಗೆ ಅದೊಂದೇ ದಾರಿ ಉಳಿದಿತ್ತು.

"ಇವರ ರಕ್ತದಲ್ಲಿ ಅಂಥದ್ದೇನೂ ಸಿಗಲಿಲ್ಲ. ಆ ಚಿಕಿತ್ಸೆಯ ಮಾತು ಇನ್ನು ಬಿಡೋಣ," ಎಂದರು.

"ಅದು ಇವನ ರಕ್ತ ಅಲ್ಲ ಡಾಕ್ಟ್ರೇ, ನನ್ನದು!" ಅಕ್ಕ ಎದ್ದೇ ನಿಂತಳು. "ಅದಲು ಬದಲು ಮಾಡಿಬಿಟ್ಟಿದ್ದಾರೆ! ನನ್ನ ಕಣ್ಣೆದುರಿಗೇ ಮಾಡಿದ್ದು. ಬಾಯಿ ಬಾಯಿ ಬಡ್ಕೊಂಡೆ, ಒಬ್ಬರೂ ಕೇಳಲಿಲ್ಲ. ಬೇಕಂತಲೇ ಕೇಳಲಿಲ್ಲ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಇದುವರೆಗೆ ತಮ್ಮನೊಡನೆ ಮಾತ್ರ ಬಳಸುತ್ತಿದ್ದ ಆ ಮೆತ್ತನೆಯ ದನಿಯಲ್ಲಿ ಕೇಳಿದರು:

"ನಿಮಗೆ ಹೀಗೆ ಎಷ್ಟು ದಿನದಿಂದ ಅನ್ನಿಸ್ತಿದೆ?"

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ತಮ್ಮ ಅವಳ ಮೊಣಕೈ ಹಿಡಿದು ಕೂರಿಸಿದ. ಅವಳ ಕಿವಿಯ ಹತ್ತಿರ ಬಗ್ಗಿದ.

"ಜೋರು ಮಾಡ್ಬೇಡ ಅಕ್ಕಾ," ಎಂದ. "ಜೋರು ಮಾಡಿದ್ರೆ ಮಾತ್ರೆ ಜಾಸ್ತಿ ಮಾಡ್ತಾರೆ."