ಕೊಕ್ಕೆಯಿಲ್ಲದ ಗಾಳ

ಸಾಹೇಬರು ಬಂಗಲೆಯೊಳಗೆ ಕಾಫಿ ಕುಡಿಯುತ್ತಿದ್ದಾಗ ಪಾಲಯ್ಯ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ತನ್ನ ಗಾಳದ ಕೊಕ್ಕೆಯನ್ನು ಬಿಚ್ಚಿ ತೆಗೆದ. ಹಿಂದಿನ ಸಂಜೆಯಷ್ಟೇ ಕಲ್ಲಿಗೆ ಉಜ್ಜಿ ಉಜ್ಜಿ ಮಸೆದಿದ್ದ ಕೊಕ್ಕೆ. ಅದನ್ನು ತಲೆಯ ರುಮಾಲಿನ ಮಡಿಕೆಗೆ ಸಿಕ್ಕಿಸಿಕೊಂಡ. ದಾರದ ತುದಿಯಲ್ಲಿ ಈಗ ತಟ್ಟಿ ಚಪ್ಪಟೆ ಮಾಡಿದ ಹಿತ್ತಾಳೆ ಚಮಚ ಮಾತ್ರ ಉಳಿಯಿತು.

ಈ ಬುದ್ಧಿ ಹೇಳಿಕೊಟ್ಟವನು ಬಂಗಲೆಯ ಅಡುಗೆಯ ಗೋವಿಂದಯ್ಯ. ಇಪ್ಪತ್ತು ವರ್ಷ ಸಾಹೇಬರುಗಳಿಗೆ ಸಾರು ಬಡಿಸಿದ್ದರಿಂದ ಅವರ ಹೊಟ್ಟೆಯ ಜೊತೆಗೆ ಮನಸ್ಸೂ ತನಗೆ ಗೊತ್ತೆಂದು ನಂಬಿದ್ದ ಮಹಾನುಭಾವ. ಮಾರಿಕಣಿವೆ ಜಲಾಶಯದಲ್ಲಿ ಮೀನು ಕಾಯುವ ಕಾವಲುಗಾರನ ಕಾಯಂ ಹುದ್ದೆಯೊಂದು ಖಾಲಿ ಇತ್ತು. ಆಳನ್ನು ಆರಿಸಲೆಂದೇ ಚಿತ್ರದುರ್ಗದಿಂದ ಮೀನುಗಾರಿಕೆ ಇಲಾಖೆಯ ಈ ಸಾಹೇಬರು ಬಂದಿದ್ದರು. ಹನ್ನೊಂದು ವರ್ಷದಿಂದ ಅಲ್ಲೇ ದಿನಗೂಲಿ ಮಾಡುತ್ತಿದ್ದ ಪಾಲಯ್ಯನಿಗೆ ಬದುಕಿನಲ್ಲಿ ಬೇಕಾಗಿದ್ದುದು ಆ ಒಂದು ಕೆಲಸ. ಸಾಹೇಬರು ಹೊರದೇಶದ ಗಾಳದ ಕೋಲು ತಂದಿದ್ದರು. ನಿನ್ನ ಬಿದಿರಿನದನ್ನೂ ತಾ, ಯಾವುದು ಮೇಲೋ ನೋಡಿಯೇ ಬಿಡೋಣ ಎಂದಿದ್ದರು.

"ಲೇ ಪಾಲಯ್ಯ, ಕುದುರೆ ಹಿಂದೆ, ಅಧಿಕಾರಿ ಮುಂದೆ ಹೋಗಬಾರ್ದು," ಎಂದಿದ್ದ ಗೋವಿಂದಯ್ಯ. "ನೀನು ಮೀನು ಹಿಡಿದು ಅವ್ರು ಬರಿಗೈಲಿ ಕುಂತ್ರೆ ಕೆಲಸ ಅಲ್ಲಿಗೇ ಗೋತಾ." ಹಿಂದಿನ ಸಾಹೇಬರೊಬ್ಬರನ್ನು ಇಸ್ಪೀಟಿನಲ್ಲಿ ಸೋಲಿಸಿದ ಜವಾನ ಯತ್ತಪ್ಪ ವಾರದೊಳಗೆ ಎಲ್ಲೋ ಮೂಲೆಯ ಮತ್ತೋಡಿಗೆ ವರ್ಗವಾದ ಕಥೆಯನ್ನೂ ಹೇಳಿದ.

"ಸಾಹೇಬ್ರು ಯಾರು, ಕೂಲಿಯೋನು ಯಾರು ಅಂತ ಮೀನಿಗೇನು ಗೊತ್ತೈತಣ್ಣ?"

"ಅದಕ್ಕೇ ಹೇಳಿದ್ದು. ಕೊಕ್ಕೆ ತೆಗಿ."

ನೀರಿನಂಚಿನ ಬಂಡೆಯ ಮೇಲೆ ಇಬ್ಬರೂ ನಿಂತರು. ಸಾಹೇಬರ ಕೋಲಿಗೆ ಐನೂರು ರೂಪಾಯಿಯಂತೆ, ಪಾಲಯ್ಯನ ಆರು ತಿಂಗಳ ಕೂಲಿ. ಅದಕ್ಕೆ ಬೆಂಡಿನ ಹಿಡಿ, ದಾರ ಸುತ್ತುವ ಪುಟ್ಟ ರಾಟೆ, ತುದಿಯಲ್ಲಿ ಕಣ್ಣು, ಕಿವಿರು ಎಲ್ಲ ಬರೆದ ಮರದ ಮೀನು, ಅದರ ಹೊಟ್ಟೆಯಡಿ ಮೂರು ಕೊಕ್ಕೆ. ಪಾಲಯ್ಯನದು ಹಿರೇಗುಂಟನೂರಿನ ನೆಂಟರ ಹಿತ್ತಲಲ್ಲಿ ಕಡಿದು, ಎರಡು ವರ್ಷ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಸಿ, ಹರಳೆಣ್ಣೆ ಸವರಿದ ಬಿದಿರು. ಖರ್ಚು ಆ ಎಣ್ಣೆಯದು ಅಷ್ಟೆ. ಎರೆಹುಳುವಿನ ಗೊಡವೆ ಎರಡಕ್ಕೂ ಇಲ್ಲ. ನೀರಲ್ಲಿ ಮಿನುಗುತ್ತ ಓಡುವುದನ್ನು ಮರಿಮೀನೆಂದು ತಿಳಿದು ದೊಡ್ಡ ಬಾಳೆಮೀನು ಬಾಯಿ ಹಾಕಬೇಕು.

ಎರಡು ಗಂಟೆ ಕಳೆಯಿತು. ಸಾಹೇಬರ ಮರದ ಮೀನಿಗೆ ಒಂದು ಸಲ ಪಾಚಿ ಸಿಕ್ಕಿತು, ಒಂದು ಸಲ ಬಂಡೆ. ಪಾಲಯ್ಯನ ಚಮಚಕ್ಕೆ ನಾಲ್ಕು ಸಲ ಮೀನು ಬಡಿಯಿತು. ನಾಲ್ಕು ಸಲವೂ ಅವನ ಮಣಿಕಟ್ಟು ಜಗ್ಗಿತು. ಮುಖದಲ್ಲಿ ಮಾತ್ರ ಏನನ್ನೂ ತೋರಗೊಡದೆ, ತಮ್ಮ ಕೋಲಿನ ಮುಂದೆ ನಮ್ಮ ಬಿದಿರು ಯಾವ ಲೆಕ್ಕ ಸ್ವಾಮಿ ಎಂದು ಹೊಗಳುತ್ತಲೇ ಇದ್ದ. ಹೊಗಳಿದಷ್ಟೂ ಸಾಹೇಬರ ಮುಖ ಗಂಟಾಗುತ್ತಿತ್ತು. ಹಿರಿಯೂರಿನಲ್ಲಿ ಯಾರನ್ನು ಕೇಳಿದರೂ ನಿನ್ನ ಹೆಸರೇ ಹೇಳಿದರಲ್ಲಪ್ಪ, ನೀನು ಅದೇ ಪಾಲಯ್ಯನೇ ತಾನೆ ಎಂದು ಕೇಳಿದರು. ಕೊನೆಗೆ ತಮ್ಮ ಕೋಲನ್ನು ಬಂಡೆಗೆ ಒರಗಿಸಿ, ಕೊಡಿಲ್ಲಿ ಎಂದು ಅವನ ಬಿದಿರಿಗೆ ಕೈ ಚಾಚಿದರು.

ಕೊಡಲಾರೆ ಎನ್ನುವುದಾದರೂ ಹೇಗೆ? ಕೊಟ್ಟ.

ಸಾಹೇಬರು ಎಸೆದ ಮೂರನೆಯ ಸಲಕ್ಕೇ ನೀರು ಭಗ್ಗೆಂದಿತು. ಬಿದಿರು ಬಿಲ್ಲಾಗಿ ಬಾಗಿತು. ಅವರು ಎಳೆ ಹುಡುಗನಂತೆ ಕೂಗಿ ಮೇಲಕ್ಕೆಳೆದರು. ದಾರ ಸಡಿಲವಾಗಿ ಬಂದು ಚಮಚ ಅವರ ಎದೆಗೆ ಬಡಿಯಿತು. ಅದನ್ನು ಅಂಗೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕೊಕ್ಕೆ ಎಲ್ಲಿ?"

ಪಾಲಯ್ಯ ನೆಲ ನೋಡಿದ. "ತಾವು ದೊಡ್ಡೋರು ಸ್ವಾಮಿ. ತಮ್ಮ ಮುಂದೆ ನಾನು ಹಿಡಿದ್ರೆ ಚೆಂದಾಗಿರಲ್ಲ ಅಂತ..."

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಚಮಚವನ್ನು ಅವನ ಕೈಗಿಟ್ಟು ತಣ್ಣಗೆ ಹೇಳಿದರು:

"ದೊಡ್ಡ ದೊಡ್ಡ ಮನುಷ್ಯರು ಇಲ್ಲಿ ಕದ್ದು ಬಲೆ ಎಳೆಸ್ತಾರೆ ಪಾಲಯ್ಯ, ಮರೀನೂ ಉಳಿಸಲ್ಲ. ಅವರ ಎದುರು ನಿಲ್ಲೋನು ಬೇಕಾಗಿತ್ತು ನನಗೆ. ನಾನು ಕೇಳದೇ ಇದ್ರೂ ನನ್ನ ಮುಂದೆ ಕೊಕ್ಕೆ ಬಿಚ್ಚಿಟ್ಟೋನು, ಅವರು ಕೇಳಿದ್ರೆ ಇನ್ನೇನು ಬಿಚ್ಚಿಡ್ತೀಯೋ."

ಹೋದ ವರ್ಷ ಅಂಥದೇ ಒಂದು ಬಲೆಯನ್ನು ಕುಡುಗೋಲಿನಿಂದ ಹರಿದು ಹಾಕಿ, ಪೆಟ್ಟು ತಿಂದು ಬೆನ್ನು ಬಾತುಕೊಂಡ ಮಾತು ಪಾಲಯ್ಯನ ನಾಲಿಗೆ ತುದಿಗೆ ಬಂತು. ಆದರೆ ದೊಡ್ಡವರ ಮಾತಿಗೆ ಎದುರು ಮಾತಾಡಿ ಅವನಿಗೆ ರೂಢಿಯಿರಲಿಲ್ಲ. ಅವನು ಕೈಕಟ್ಟಿ ನಿಂತೇ ಇದ್ದ, ಜೀಪು ಹೊರಟಿತು.

ಗೋವಿಂದಯ್ಯ ಬಂಗಲೆಯಿಂದ ಇಳಿದು ಬಂದು ಎಲ್ಲ ಕೇಳಿಕೊಂಡ. "ಎಂಥ ಸಾಹೇಬನಪ್ಪ, ಗೆಲ್ಲಿಸ್ತೀವಿ ಅಂದ್ರೂ ಬ್ಯಾಡ ಅಂತಾನಲ್ಲ," ಎಂದ. ಮುಂದಿನ ಸಾಹೇಬರು ಹೀಗಿರಲಿಕ್ಕಿಲ್ಲ ಎಂದು ಸಮಾಧಾನವನ್ನೂ ಹೇಳಿದ.

ಪಾಲಯ್ಯ ದಾರವನ್ನು ಬಿದಿರಿಗೆ ಸುತ್ತಿಟ್ಟ. ಮುಖ ಒರೆಸಿಕೊಳ್ಳಲು ರುಮಾಲನ್ನು ಸೆಳೆದ. ಮಡಿಕೆಯಲ್ಲಿದ್ದ ಕೊಕ್ಕೆ ಅಂಗೈಗೆ ಚುಚ್ಚಿ ಒಳಗಿಳಿಯಿತು. ಕೀಳಲು ನೋಡಿದ. ತಾನೇ ಮಸೆದ ಕೊಕ್ಕೆ, ಎಳೆದಷ್ಟೂ ಕಚ್ಚಿ ಹಿಡಿಯುತ್ತಿತ್ತು.